ತದಡಿ ಹೊಳೆಯೋ, ಅಘನಾಶಿನಿಯೋ?

ಪ್ರಶ್ನೆ: ನಮ್ಮೂರು ಕುಮಟಾ ತಾಲೂಕಿನಲ್ಲಿ, ಗೋಕರ್ಣದ ಮಗ್ಗುಲಿಗೆ, ಹೊಳೆ ದಂಡೆಯ ಮೇಲಿದೆ. ಶಾಲೆಯ ಗೋಡೆಗೆ ಊರಿನ ನಕ್ಷೆ ಬರೆಸಲು ಹೊರಟಿದ್ದೇವೆ. ನಾನು ‘ಅಘನಾಶಿನಿ ನದಿ’ ಎಂದು ಬರೆದದ್ದಕ್ಕೆ ಅಜ್ಜಿ, ‘ಅಘನಾಶಿನಿ ಅಂದ್ರೆ ಆಚೆ ದಡದ ಊರು, ಇದು ತದಡಿ ಹೊಳೆ’ ಎಂದು ತಕರಾರು ತೆಗೆದಿದ್ದಾರೆ. ಮನೆ ಹಿಂದೆ ಭರತಕ್ಕೆ ತುಂಬಿ ಇಳಿತಕ್ಕೆ ಕೆಸರಾಗುವ ಉಪ್ಪುನೀರಿನ ಕವಲೊಂದಿದೆ. ಇಂಗ್ಲಿಷಿನಲ್ಲಿ ಅದು ಕ್ರೀಕ್. ಕನ್ನಡದಲ್ಲಿ ‘ಕೊಲ್ಲಿ’ ಎಂದು ಬರೆಯಿರಿ ಅಂತಾರೆ ಮಾಸ್ತರರು. ಯಾವುದು ಸರಿ? ಕುರ್ವೆ, ಕೋಡಿ, ಬೇಲೆ ಇವಕ್ಕೆಲ್ಲ ಏನಾದರೂ ಅರ್ಥ ಇದೆಯೇ, ಅಥವಾ ಸುಮ್ಮನೆ ಊರ ಹೆಸರುಗಳೇ?

ಉತ್ತರ: ಮೊದಲಿಗೆ ನನ್ನ ಓಟು ಅಜ್ಜಿಗೆ. ಹೊಳೆ ಕಡಲು ಸೇರುವಲ್ಲಿ ಬಡಗು ದಂಡೆಗೆ ತದಡಿ, ತೆಂಕು ದಂಡೆಗೆ ಅಘನಾಶಿನಿ. ಎರಡೂ ಊರು ಎದುರುಬದುರು ಕೂತಿವೆ, ನಡುವೆ ತಾರಿ ದೋಣಿ ಓಡಾಡುತ್ತದೆ. ಬಡಗು ದಂಡೆಯ ನಿಮ್ಮ ಅಜ್ಜಿಗೆ ಅಘನಾಶಿನಿ ಎಂದರೆ ದೋಣಿ ಹತ್ತಿ ಹೋಗಬೇಕಾದ ಊರು, ಕಾಲಬುಡದ ನೀರಲ್ಲ. ಹಳೆಯ ಇಂಗ್ಲಿಷ್ ದಾಖಲೆಗಳೂ ಅಜ್ಜಿಯ ಪಕ್ಷವೇ. ಅವುಗಳಲ್ಲಿ ಇದು ‘ತದ್ರಿ’ ಹೊಳೆ. ಈಗ ಸರಕಾರಿ ಕಾಗದದಲ್ಲಿ ಗೆದ್ದದ್ದು ಆಚೆ ದಡದ ಹೆಸರು. ಪಾಪನಾಶಿನಿ ಎನ್ನುವ ಅರ್ಥ ಕೊಡುವ ಸಂಸ್ಕೃತದ ಹೆಸರು ಪುಸ್ತಕಕ್ಕೆ ಚೆನ್ನಾಗಿ ಒಪ್ಪಿತು, ಅಷ್ಟೇ. 2024ರ ಜನವರಿಯಲ್ಲಿ ಹೊಳೆ ಕಡಲಿಗೆ ಬಾಯಿ ತೆರೆಯುವ ಈ ಅಳಿವೆ, ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿದಾಗಲೂ ‘ಅಘನಾಶಿನಿ ಅಳಿವೆ’ ಎಂದೇ ದಾಖಲಾಯಿತು. ತದಡಿಯವರು ಇನ್ನು ದಾವೆ ಹೂಡುವ ಹಾಗಿಲ್ಲ.

ಇದೇ ನೀರಿನ ಗುಂಟ ಘಟ್ಟದ ಮೇಲೆ ಹೋಗಿ ನೋಡಿ. ಶಿರಸಿ ಪೇಟೆಯ ಹತ್ತಿರ ಹುಟ್ಟುವ ಕವಲು ದೋಣಿಹಳ್ಳ, ಮಂಜುಗುಣಿಯ ಕಡೆಯಿಂದ ಬರುವುದು ಬಾಕುರಹೊಳೆ. ಶಿರಸಿಗೆ ತೆಂಕಣಕ್ಕೆ ಮುತ್ತಳ್ಳಿಯ ಹತ್ತಿರ ಎರಡೂ ಕೂಡುತ್ತವೆ. ಅಲ್ಲಿಂದ ಮೇಲಿನವರಿಗೆ ಅಘನಾಶಿನಿ ಎನ್ನುವ ಮಾತೇ ಬೇಕಿರಲಿಲ್ಲ. ಸುಮಾರು 120 ಕಿಲೋಮೀಟರ್ ಉದ್ದದ ಹೊಳೆಯನ್ನು ಹುಟ್ಟಿದಲ್ಲಿಂದ ಕಡಲಿನವರೆಗೆ ಒಂದೇ ಗುಕ್ಕಿಗೆ ಕಂಡವರು ಯಾರಿದ್ದರು? ನಕ್ಷೆ ಬರೆಯಲು ಬಂದವರೇ ಮೊದಲಿಗರು. ಅವರಿಗೆ ಇಡೀ ಗೆರೆಗೆ ಒಂದು ಹೆಸರು ಬೇಕಾಯಿತು. ಉಳಿದವರಿಗೆ ತಾವು ದಾಟುವ, ಮೀಯುವ, ಬಲೆ ಹಾಕುವ ತುಂಡಿಗೆ ಹೆಸರಿದ್ದರೆ ಸಾಕಿತ್ತು.

ಜಿಲ್ಲೆಯ ಎಲ್ಲ ಹೊಳೆಗಳ ಕತೆಯೂ ಇಷ್ಟೇ. ಬೇಡ್ತಿ ಬೇರೆ, ಗಂಗಾವಳಿ ಬೇರೆ ಎಂದುಕೊಂಡವರು ಈಗಲೂ ಸಿಗುತ್ತಾರೆ. ಶಿರಸಿ-ಯಲ್ಲಾಪುರದವರು ಹೋರಾಡಿದ್ದು ಬೇಡ್ತಿಗಾಗಿ, ಅದರ ನೀರನ್ನು ವರದಾ ನದಿಗೆ ಜೋಡಿಸುವ ವಿಷಯ ಬಂದಾಗ ಈಗಲೂ ಎದ್ದು ನಿಲ್ಲುವುದು ಬೇಡ್ತಿಗಾಗಿಯೇ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನು ನುಂಗಿ, ಎದ್ದ ನೀರು ಆಚೆ ದಡದ ಉಳುವರೆಯನ್ನು ಬಡಿದಾಗ ಟೀವಿಯವರು ಹೇಳಿದ್ದು ಗಂಗಾವಳಿ. ನೀರು ಒಂದೇ. ಮಾಗೋಡಿನಲ್ಲಿ ಧುಮುಕುವವರೆಗೆ ಅದು ಬೇಡ್ತಿ, ಕಡಲಿನ ಹತ್ತಿರ ಗಂಗೆಯ ದೇವಸ್ಥಾನ ಇರುವ ಗಂಗಾವಳಿ ಊರಿನ ಹೆಸರು ಹೊತ್ತು ಗಂಗಾವಳಿ. ತಮಾಷೆ ಎಂದರೆ ಉಲ್ಟಾ ಕೂಡ ಇದೆ, ಒಂದೇ ಹೆಸರಿಗೆ ಎರಡು ಹೊಳೆ. ಧಾರವಾಡದ ಶಾಲ್ಮಲೆ ಒಂದು, ಶಿರಸಿ ಹತ್ತಿರ ಸಹಸ್ರಲಿಂಗದಲ್ಲಿ ಹರಿಯುವ ಶಾಲ್ಮಲೆ ಇನ್ನೊಂದು. ಮಂಜುಗುಣಿಯೂ ಹಾಗೆಯೇ, ಶಿರಸಿ ಸೀಮೆಯಲ್ಲೊಂದು, ಅಂಕೋಲೆಯಲ್ಲಿ ಗಂಗಾವಳಿ ಕಡಲು ಸೇರುವಲ್ಲಿ ಮಂಜಗುಣಿ ಎಂದು ಇನ್ನೊಂದು.

ಕಾಳಿ ಹೊಳೆಯ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಜೋಡಿಯೊಂದಿದೆ. ಸೂಪಾದಲ್ಲಿ ಕಾಳಿಯನ್ನು ಕೂಡುವ ಹೊಳೆಯ ಹೆಸರು ಪಾಂಢರಿ. ಕೊಂಕಣಿ-ಮರಾಠಿ ಬಲ್ಲವರಿಗೆ ತಕ್ಷಣ ಹೊಳೆಯುತ್ತದೆ: ಒಂದು ಕರಿಯವಳು, ಇನ್ನೊಬ್ಬಳು ಬಿಳಿಯವಳು. ಒಂದು ಹೆಸರನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಕಾಳಿ ದೇವಿಯಾಗುತ್ತಾಳೆ, ಎರಡನ್ನೂ ಕೂಡಿಸಿ ನೋಡಿದರೆ ನೀರಿನ ಬಣ್ಣ ಕಾಣುತ್ತದೆ. ಆ ಕೂಡಲು ಈಗ 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿದೆ. ಸೂಪಾ ಪೇಟೆಯೂ ಅಲ್ಲೇ ಮುಳುಗಿತು. ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಹೋಯಿತು, ಹೋಗುವಾಗ ತಾಲೂಕಿನ ಹೆಸರನ್ನೂ ಕರೆದುಕೊಂಡೇ ಹೋಯಿತು. ಸೂಪಾ ಎಂದರೆ ಈಗ ಅಣೆಕಟ್ಟು.

ಇನ್ನು ನಿಮ್ಮ ಕ್ರೀಕ್. ಗೊಂದಲ ಶುರುವಾಗುವುದೇ ಇಂಗ್ಲಿಷಿನಲ್ಲಿ. ಅಮೆರಿಕದವರಿಗೆ ಕ್ರೀಕ್ ಎಂದರೆ ಸಣ್ಣ ಹಳ್ಳ, ಗುಡ್ಡದ ಮೇಲಿನದ್ದಾದರೂ ಸರಿ. ಬ್ರಿಟಿಷರಿಗೆ ಅದು ಭರತದ ನೀರು ಒಳನುಗ್ಗುವ ಕಡಲಿನ ತೋಳು. ನಮ್ಮ ಕರಾವಳಿಯ ನಕ್ಷೆ ಬರೆದವರು ಬ್ರಿಟಿಷರಾದ್ದರಿಂದ ಎರಡನೇ ಅರ್ಥವೇ ಇಲ್ಲಿ ನಿಂತಿತು. ಕೊಲ್ಲಿ ಎಂದರೆ ನಿಮ್ಮ ಶಾಲೆಯ ಮಕ್ಕಳ ಕಣ್ಣೆದುರು ಬರುವುದು ಬಂಗಾಳ ಕೊಲ್ಲಿ. ಕಾರವಾರದ ಎದುರಿನ ಬಾಗಿದ ಕಡಲಿಗೂ ಆ ಮಾತು ಸಲ್ಲುತ್ತದೆ. ಮನೆ ಹಿಂದಿನ ಕೆಸರಿನ ಕವಲಿಗೆ ಹೊರೆಯಾದೀತು. ಮಾಸ್ತರರು ಬೇಜಾರು ಮಾಡಿಕೊಳ್ಳಬಾರದು.

ಕಾರವಾರದ ಕಡೆ ಖಾಡಿ ಎನ್ನುತ್ತಾರೆ, ಅದು ಮರಾಠಿ-ಕೊಂಕಣಿಯ ಮಾತು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ, 1956ರವರೆಗೆ ಕಚೇರಿಯ ಕಾಗದಕ್ಕೆಲ್ಲ ಆ ಕಡೆಯ ಗಾಳಿ. ಕುಮಟಾ, ಅಂಕೋಲಾ, ಮಾಣಿಕಟ್ಟಾ, ಸಾಣಿಕಟ್ಟಾ ಎಂದು ಬಾಲ ಎಳೆದು ಬರೆಯುವ ನಮ್ಮ ರೂಢಿಯೂ ಆಗಿನದೇ ಇರಬೇಕೆಂದು ನನ್ನ ಎಣಿಕೆ. ಬಾಯಲ್ಲಿ ನಾವು ‘ಕುಮಟೆಗೆ ಹೋಗಿ ಬಂದೆ’ ಎನ್ನುತ್ತೇವೆ, ಬಸ್ಸಿನ ಬೋರ್ಡು ಮಾತ್ರ ಕುಮಟಾ.

ಕುಮಟೆ-ಹೊನ್ನಾವರದಲ್ಲಿ ಖಾಡಿ ಅಷ್ಟು ಓಡುವುದಿಲ್ಲ. ಹಾಗಾದರೆ ಏನೆನ್ನುತ್ತಾರೆ? ಇದನ್ನೇ ತಿಳಿಯಲು ನಾನು ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಹುಡುಗರನ್ನು ಕಟ್ಟಿಕೊಂಡು ಗಜನಿಯ ಬದಿಗೆ ಹೋಗಿದ್ದೆ. ಕೈಯಲ್ಲಿ ಸರ್ವೆ ಇಲಾಖೆಯ 1:50,000ದ ನಕ್ಷೆ ಹಾಳೆ. ಕಟ್ಟಿನ ಮೇಲೆ ವಯಸ್ಸಾದವರೊಬ್ಬರು ಹಲಗೆ ಬಾಗಿಲಿನ ಬಳಿ ಕೂತು ಬಲೆಯ ಹರಕು ನೋಡುತ್ತಿದ್ದರು. ಗಜನಿ ಎಂದರೆ ಮಳೆಗಾಲದಲ್ಲಿ ಉಪ್ಪು ತೊಳೆದು ಹೋದಾಗ ಕಗ್ಗ ಭತ್ತ ಬಿತ್ತಿ, ಕೊಯ್ಲಾದ ಮೇಲೆ ಹೊಳೆಯ ನೀರು ಒಳಗೆ ಬಿಟ್ಟು ಮೀನು-ಸೀಗಡಿ ಹಿಡಿಯುವ ತಗ್ಗು ಗದ್ದೆ. ಭರತದ ನೀರು ಆ ಹಲಗೆ ಬಾಗಿಲಿನಿಂದಲೇ ಒಳಬರಬೇಕು, ಇಳಿತಕ್ಕೆ ಅಲ್ಲಿಂದಲೇ ಹೊರಬೀಳಬೇಕು. ನಾನು ಎದುರಿನ ಕವಲನ್ನು ತೋರಿಸಿ, ‘ಇದಕ್ಕೆ ಏನು ಹೇಳ್ತೀರಿ?’ ಎಂದೆ.

‘ಯಾವಾಗ?’ ಎಂದರು ಅವರು.

ನನಗೆ ಅರ್ಥವಾಗಲಿಲ್ಲ. ಅವರೇ ಬಲೆಯಿಂದ ಕಣ್ಣು ತೆಗೆಯದೆ ಮುಂದುವರಿಸಿದರು: ‘ಭರತ ಇದ್ರೆ ಹೊಳೆ, ಮಾಸ್ತರೇ. ಇಳಿತ ಆದ್ರೆ ಹಳ್ಳ. ಈಗ ನೋಡಿ, ಇನ್ನೊಂದು ಗಳಿಗೆಗೆ ಅದೂ ಇಲ್ಲ, ಬರೀ ಕೆಸರು. ಬಳಚು ಆರಿಸ್ಲಿಕ್ಕೆ ಹೆಂಗಸ್ರು ಬರ್ತ್ರು.’

ಬಳಚು ಎಂದರೆ ಕೆಸರಿನಲ್ಲಿ ಸಿಗುವ ಚಿಪ್ಪಿನ ಜೀವಿ. ನನ್ನ ಹಾಳೆಯಲ್ಲಿ ಆ ಕವಲಿಗೆ ಒಂದು ನೀಲಿ ಗೆರೆ ಇತ್ತು. ಯಾವ ಹೊತ್ತಿನ ಗೆರೆ ಎಂದು ಹಾಳೆ ಹೇಳಿರಲಿಲ್ಲ. ಹುಡುಗರು ನಕ್ಕರು, ನನಗೂ ನಗು ಬಂತು. ಆ ದಿನದಿಂದ ನಾನು ‘ಇದರ ಹೆಸರೇನು’ ಎಂದು ಯಾರನ್ನೂ ನೇರವಾಗಿ ಕೇಳಿಲ್ಲ. ಹಾಗೆ ಕೇಳಿದರೆ ಜನ ಸರಕಾರಿ ಹೆಸರು ಹೇಳುತ್ತಾರೆ, ಇಲ್ಲವೇ ‘ಎಂತದೂ ಇಲ್ಲ’ ಎನ್ನುತ್ತಾರೆ.

ಕ್ರೀಕ್ ಎಂಬ ಒಂದೇ ಮಾತಿಗೆ ನಮ್ಮಲ್ಲಿ ಒಂದೇ ಮಾತು ಇಲ್ಲದಿರುವುದಕ್ಕೆ ಕಾರಣ ಇದು. ನಮ್ಮವರು ಆಕಾರಕ್ಕೆ ಹೆಸರಿಡಲಿಲ್ಲ, ನೀರು ಅಲ್ಲಿ ಏನು ಮಾಡುತ್ತದೆ ಎನ್ನುವುದಕ್ಕೆ ಇಟ್ಟರು. ಕಡಲಿಗೆ ಬಾಯಿ ತೆರೆಯುವ ಜಾಗ ಅಳಿವೆ. ಸಣ್ಣ ಹಳ್ಳಗಳ ಅಳಿವೆ ಬೇಸಿಗೆಯಲ್ಲಿ ಮರಳು ತುಂಬಿ ಮುಚ್ಚಿಹೋಗುತ್ತದೆ, ಮಳೆ ನೆರೆ ಒಡೆದು ಮತ್ತೆ ತೆರೆಯುತ್ತದೆ. ಕೆಲವು ಸಲ ಕಳೆದ ವರ್ಷದ ಜಾಗದಲ್ಲಲ್ಲ, ನೂರು ಮಾರು ಆಚೆ. ಅಳಿವೆಯ ಪಕ್ಕ ಚಾಚಿಕೊಂಡ ಮರಳಿನ ತುದಿ ಕೋಡಿ. ಬಯಲುಸೀಮೆಯವರಿಗೆ ಕೋಡಿ ಎಂದರೆ ಕೆರೆ ತುಂಬಿ ಹೆಚ್ಚಿನ ನೀರು ಹೊರಬೀಳುವ ಜಾಗ, ನಮಗೆ ಭೂಮಿ ಮುಗಿಯುವ ಜಾಗ. ಅಳಿವೆ, ಕೋಡಿ ಎರಡನ್ನೂ ಕೂಡಿಸಿದ ಅಳ್ವೆಕೋಡಿ ಕುಮಟೆಯಲ್ಲೂ ಇದೆ, ಭಟ್ಕಳದಲ್ಲೂ ಇದೆ. ಹೆಸರು ಕೇಳಿದರೆ ಸಾಕು, ಊರು ನೋಡದೆಯೇ ಅದರ ಚಿತ್ರ ಬರೆಯಬಹುದು. ಕಾಳಿಯ ಬಾಯಿಯಲ್ಲಿ ಕೋಡಿಬಾಗ. ಅಲ್ಲಿ ಅರ್ಧ ಕನ್ನಡ, ಉಳಿದರ್ಧ ತೋಟ ಎನ್ನುವ ಅರ್ಥದ ಬಾಗ್. ಹೊಳೆಯ ಆಚೆ ದೇವಬಾಗ.

ಕುರ್ವೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಘಟ್ಟದಿಂದ ಇಳಿದ ಹೊಳೆಗೆ ಕಡಲಿನ ಭರತ ಎದುರಾದಾಗ ಓಟ ನಿಲ್ಲುತ್ತದೆ, ಹೊತ್ತು ತಂದ ಮಣ್ಣು ಕೆಳಗೆ ಕೂರುತ್ತದೆ. ವರ್ಷ ವರ್ಷ ಕೂತ ಮಣ್ಣು ನೀರಿಂದ ಮೇಲೆದ್ದರೆ ಮೊದಲು ಹುಲ್ಲು, ಆಮೇಲೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಆಮೇಲೆ ಯಾರೋ ಒಬ್ಬ ಕಲ್ಲು ಕಟ್ಟಿ ತೆಂಗಿನ ಸಸಿ ನೆಡುತ್ತಾನೆ. ಅದು ಕುರ್ವೆ, ಹೊಳೆ ನಡುವಿನ ನಡುಗಡ್ಡೆ. ಶರಾವತಿಯಲ್ಲಿ ಮಾವಿನಕುರ್ವೆ, ಅದರ ಬಾಯಿಯ ಬಡಗು ಬದಿಗೆ ಪಾವಿನಕುರ್ವೆ, ನಿಮ್ಮ ಹೊಳೆಯಲ್ಲೇ ಐಗಳಕುರ್ವೆ. ಗಂಗಾವಳಿಯವರು ವಿಶೇಷಣದ ಗೋಜಿಗೇ ಹೋಗದೆ ಬರೀ ಕೂರ್ವೆ ಎಂದುಬಿಟ್ಟರು. ಈಗ ಕರಾವಳಿಯ ಗುಂಟ ಬಡಗಿನಿಂದ ತೆಂಕಿಗೆ ಬನ್ನಿ. ಕಾಳಿಯಲ್ಲಿ ಇಂಥದೇ ನಡುಗಡ್ಡೆಗೆ ಜೂಗ ಎನ್ನುತ್ತಾರೆ. ಖಾರ್ಗೆಜೂಗದ ಹೆಸರು 2019ರ ನೆರೆಯಲ್ಲಿ, ಕದ್ರಾದಿಂದ ನೀರು ಬಿಟ್ಟಾಗ, ಜಿಲ್ಲೆಗೆಲ್ಲ ಗೊತ್ತಾಯಿತು. ಗೋವೆಯ ಕೊಂಕಣಿಯಲ್ಲಿ ದ್ವೀಪಕ್ಕೆ ಜುವೆ, ಜುಂವೊ ಎನ್ನುವ ಮಾತಿದೆ, ಜೂಗ ಅದರ ತಮ್ಮ. ಅಂಕೋಲೆ ದಾಟಿದರೆ ಕುರ್ವೆ. ಕುಂದಾಪುರ-ಉಡುಪಿಯ ಕಡೆ ಇಳಿದರೆ ಅದೇ ಕುದ್ರು ಆಗುತ್ತದೆ: ಪಡುಕುದ್ರು, ತಿಮ್ಮಣ್ಣಕುದ್ರು. ಒಂದೇ ಬಗೆಯ ಮಣ್ಣಿನ ಗುಡ್ಡೆಗೆ ಇನ್ನೂರು ಚಿಲ್ಲರೆ ಕಿಲೋಮೀಟರಿನಲ್ಲಿ ಮೂರು ಮಾತು. ಎಲ್ಲಿ ಕೊಂಕಣಿ ಮುಗಿದು ಕನ್ನಡ ಗಟ್ಟಿಯಾಗುತ್ತದೆ, ಎಲ್ಲಿಂದ ತುಳುವಿನ ನೆರಳು ಬೀಳುತ್ತದೆ ಎನ್ನುವುದನ್ನು ಜನಗಣತಿಯ ಕೋಷ್ಟಕಕ್ಕಿಂತ ಈ ನಡುಗಡ್ಡೆಗಳೇ ಚೆನ್ನಾಗಿ ಹೇಳುತ್ತವೆ.

ಬೇಲೆ ಎಂದರೆ ಕಡಲ ದಂಡೆಯ ಮರಳು. ಸಂಸ್ಕೃತದ ವೇಲೆ ನಮ್ಮ ಬಾಯಲ್ಲಿ ಬೇಲೆಯಾಯಿತು, ಕೊಂಕಣಿಯಲ್ಲಿ ವೇಳ ಆಯಿತು. ಬೇಲೆಯ ಮೇಲಿನ ಕೇರಿ ಬೇಲೆಕೇರಿ. ಬೇಲೆಗೆ ಹತ್ತಿದ ಕಾನು, ಅಂದರೆ ಕಾಡು, ನಿಮ್ಮ ಪಕ್ಕದ ಬೇಲೆಕಾನ. ಅಲ್ಲೇ ಹತ್ತಿರದ ದಂಡೆಗೆ ಪ್ರವಾಸಿಗಳು ಪ್ಯಾರಡೈಸ್ ಎಂದು ಹೆಸರಿಟ್ಟು ಬೋರ್ಡನ್ನೂ ನೆಟ್ಟಿದ್ದಾರೆ. ನನಗೆ ಸಿಟ್ಟೇನೂ ಇಲ್ಲ, ಬಂದವರೆಲ್ಲ ತಾವು ಕಂಡದ್ದಕ್ಕೆ ಹೆಸರಿಡುವುದು ಲೋಕರೂಢಿ. ಆದರೆ ಪ್ಯಾರಡೈಸ್ ಎನ್ನುವ ಹೆಸರಿನಿಂದ ಆ ಜಾಗದ ಬಗ್ಗೆ ಏನೂ ತಿಳಿಯುವುದಿಲ್ಲ. ಮಾಜಾಳಿಯ ತಿಳಮಾತಿಯನ್ನು ನೋಡಿ. ತೀಳ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಕರಿ ಮರಳನ್ನು ಮುಷ್ಟಿಯಲ್ಲಿ ತೆಗೆದುಕೊಂಡರೆ ಎಳ್ಳೇ. ಆ ಹೆಸರಿಟ್ಟವರು ಬಗ್ಗಿ ಮರಳು ಮುಟ್ಟಿದ್ದರು.

ಈಗ ಒಂದು ಎಚ್ಚರಿಕೆ. ನಕ್ಷೆಯ ಜೊತೆ ಹೆಸರಿನ ಅರ್ಥವನ್ನೂ ಗೋಡೆಗೆ ಬರೆಸುವ ಉಮೇದು ನಿಮಗೆ ಬಂದೇ ಬರುತ್ತದೆ. ಅಲ್ಲಿ ಕೈ ಸ್ವಲ್ಪ ಬಿಗಿ ಹಿಡಿಯಿರಿ. ಹೊನ್ನಾವರದ ಕಾಸರಕೋಡಿನಲ್ಲಿ ಶರಾವತಿಯ ಅಳಿವೆಗೆ ಚಾಚಿದ ಮರಳಿನ ಪಟ್ಟಿಗೆ ಟೊಂಕ ಎಂದು ಹೆಸರು. ಕನ್ನಡದ ಕಿವಿಗೆ ಟೊಂಕ ಎಂದರೆ ಸೊಂಟ, ಅತ್ತ ಹೊಳೆ ಇತ್ತ ಕಡಲು, ನಡುವೆ ಸಪೂರ ಸೊಂಟ, ಸರಿಯಾಗಿಯೇ ಇದೆ. ಕೊಂಕಣಿಯವರ ಕಿವಿಗೆ ಅದು ತುದಿ, ಅದೂ ಸರಿಯಾಗಿಯೇ ಇದೆ. ಇಬ್ಬರೂ ಅಲ್ಲಿ ಶತಮಾನಗಳಿಂದ ಬಲೆ ಒಣಗಿಸಿದ್ದಾರೆ, ಯಾರ ಮಾತು ಮೊದಲು ಎಂದು ನಿಕಾಲಿ ಮಾಡುವವರು ಯಾರು? ಕಾರವಾರದ ಬೈತಖೋಲವೂ ಇಂಥದೇ, ಅರಬ್ಬಿ ಮೂಲ ಹೇಳುವವರಿದ್ದಾರೆ, ಖೋಲ ಎಂದರೆ ಆಳ ಎನ್ನುವ ಕೊಂಕಣಿಯವರೂ ಇದ್ದಾರೆ.

ಗೇರಸೊಪ್ಪೆಯನ್ನು ಗೇರುಬೀಜದ ಗೇರಿನಿಂದ ಬಿಡಿಸುವುದಂತೂ ತಪ್ಪು. ಗೋಡಂಬಿಯ ಗೇರನ್ನು ಪೋರ್ತುಗೀಜರು ತಂದದ್ದು 16ನೇ ಶತಮಾನದಲ್ಲಿ, ಗೇರಸೊಪ್ಪೆ ಅದಕ್ಕಿಂತ ಮೊದಲೇ ಬಸದಿ-ಶಾಸನಗಳಿಂದ ಮೆರೆದ ಪೇಟೆ. ಗೇರು ಎನ್ನುವುದು ಮೊದಲು ನಮ್ಮ ಕಾಡಿನ ಕರಿಗೇರಿನ ಹೆಸರು, ಹೊರಗಿಂದ ಬಂದ ಮರಕ್ಕೆ ಹೋಲಿಕೆಯಿಂದ ಅದನ್ನೇ ದಾನ ಮಾಡಿದೆವು. ಶರಾವತಿ ಹುಟ್ಟುವ ಅಂಬುತೀರ್ಥದ ಕತೆ ಎಲ್ಲರಿಗೂ ಗೊತ್ತು, ರಾಮ ಬಾಣ ಬಿಟ್ಟ, ನೀರು ಚಿಮ್ಮಿತು. ಕನ್ನಡದಲ್ಲಿ ಅಂಬು ಬಾಣ, ಸಂಸ್ಕೃತದಲ್ಲಿ ಅಂಬು ನೀರು. ಶರ ಎಂದರೆ ಬಾಣವೂ ಹೌದು, ಜೊಂಡುಹುಲ್ಲೂ ಹೌದು. ನೀರಿನ ತೀರ್ಥ, ಜೊಂಡು ಬೆಳೆದ ಹೊಳೆ ಎಂದಿದ್ದದ್ದು ಎರಡು ಭಾಷೆಗಳ ನಡುವೆ ಜಾರಿ ರಾಮನ ಬಿಲ್ಲಿಗೆ ಹೋಗಿ ಸೇರಿತೇ ಎಂದು ನನಗೆ ಅನುಮಾನ. ಅನುಮಾನವಷ್ಟೇ, ಗೋಡೆಗೆ ಬರೆಸಬೇಡಿ.

ಒಂದೇ ಜಾಗಕ್ಕೆ ಮೂವರು ಮೂರು ಕಡೆ ನಿಂತು ಇಟ್ಟ ಹೆಸರು ಬೇಕಿದ್ದರೆ ನಿಮ್ಮ ಹೊಳೆಯಲ್ಲೇ ಇದೆ. ಸಿದ್ದಾಪುರದ ಕಡೆ ಅದು 116 ಮೀಟರ್ ಧುಮುಕುವ ಅಬ್ಬಿಗೆ ದಾರಿ ಹೇಳುವವರು ಹತ್ತಿರದ ಊರಿನಿಂದ ಉಂಚಳ್ಳಿ ಎಂದರು. ಬುಡದಲ್ಲಿ ನಿಂತು ಕಿವಿ ಗವ್ ಎನ್ನಿಸಿಕೊಂಡವರು ಕೆಪ್ಪಜೋಗ ಎಂದರು. 1845ರಲ್ಲಿ ಕಂಡ ಕಲೆಕ್ಟರ್ ಸಾಹೇಬನ ಹೆಸರಿನಿಂದ ಲಶಿಂಗ್ಟನ್ ಫಾಲ್ಸ್ ಆಯಿತು. ಕಾಳಿಯ ಬಾಯಿಯ ಗುಡ್ಡವೂ ಹೀಗೇ, ಸೋದೆಯ ಅರಸರು ಕೋಟೆ ಕಟ್ಟಿ ಸದಾಶಿವಗಡ ಮಾಡಿದರು, ಬುಡದ ಊರು ಇಂದಿಗೂ ಪಂಚಾಯತಿ ದಾಖಲೆಯಲ್ಲಿ ಚಿತ್ತಾಕುಲ. ಗಡ-ದುರ್ಗಗಳ ಹೆಸರು ಕಾರವಾರದ ಕಡೆಯೇ ಹೆಚ್ಚು ಸಿಗುವುದಕ್ಕೆ ನೆಲವೂ ಕಾರಣ. ಅಲ್ಲಿ ಘಟ್ಟದ ಮೊಣಕೈ ಕಡಲಿಗೇ ತಾಗುತ್ತದೆ, ಗುಡ್ಡದ ತಲೆಗಳು ನೀರಿನಲ್ಲಿ ಮುಳುಗಿ ಕೂರ್ಮಗಡ, ದೇವಗಡ ಎನ್ನುವ ದ್ವೀಪಗಳಾಗಿವೆ. ಕುಮಟೆಯಿಂದ ತೆಂಕಿಗೆ ಬಯಲು ಅಗಲವಾಗುತ್ತದೆ, ಹೆಸರಿನಲ್ಲೂ ಗದ್ದೆ, ಹಿತ್ತಲು, ಕೋಡಿ ಹೆಚ್ಚುತ್ತವೆ.

ಹಾಗಾದರೆ ಗೋಡೆಗೆ ಏನು ಬರೆಸಬೇಕು? ಹೊಳೆಗೆ ದೊಡ್ಡ ಅಕ್ಷರದಲ್ಲಿ ‘ತದಡಿ ಹೊಳೆ’, ಅದರ ಕೆಳಗೆ ಸಣ್ಣದಾಗಿ ‘ಅಘನಾಶಿನಿ ನದಿ’. ಊರ ನಕ್ಷೆಯಾದ್ದರಿಂದ ಊರ ಹೆಸರೇ ಮೇಲಿರಲಿ. ಮಕ್ಕಳು ಪರೀಕ್ಷೆಯಲ್ಲಿ ಅಘನಾಶಿನಿ ಎಂದು ಬರೆಯಬೇಕಾದ್ದರಿಂದ ಅದನ್ನೂ ಬಿಡಬೇಡಿ. ಬಾಯಿಗೆ ‘ಅಳಿವೆ’ ಎಂದು ಬರೆಸಿ, ಗಜನಿಗೆ ‘ಗಜನಿ’ ಎಂದೇ ಬರೆಸಿ, ‘ಹಿನ್ನೀರು ಪ್ರದೇಶ’ ಎಂದು ತಿದ್ದಲು ಯಾರಾದರೂ ಬಂದರೆ ಚಾ ಕೊಟ್ಟು ಕಳಿಸಿ. ನೀಲಿ ಬಣ್ಣದಲ್ಲಿ ಎರಡು ಗೆರೆ ಎಳೆಸಿದರೆ ಇನ್ನೂ ಚೆಂದ, ಗಾಢ ನೀಲಿ ಇಳಿತದ್ದು, ತಿಳಿ ನೀಲಿ ಹುಣ್ಣಿಮೆ-ಅಮಾಸೆಯ ಭರತದ್ದು. ಯಾವ ಅಚ್ಚಾದ ನಕ್ಷೆಯಲ್ಲೂ ಇದನ್ನು ನಾನು ಕಂಡಿಲ್ಲ.

ಮನೆ ಹಿಂದಿನ ಕವಲಿಗೆ ‘ಹಳ್ಳ’ ಎನ್ನಬಹುದು, ಆದರೆ ಯಾವ ಹಳ್ಳ? ನಿಮ್ಮ ಪತ್ರದಲ್ಲಿ ಹೆಸರಿಲ್ಲ, ಬಹುಶಃ ನೀವು ಅಜ್ಜಿಯನ್ನು ‘ಅದರ ಹೆಸರೇನು’ ಎಂದು ಕೇಳಿರುತ್ತೀರಿ, ಅವರು ‘ಎಂತದೂ ಇಲ್ಲ’ ಎಂದಿರುತ್ತಾರೆ. ಸಂಜೆ ಪುರುಸೊತ್ತಾಗಿ ಕೂತಾಗ, ‘ಚಿಕ್ಕವರಿದ್ದಾಗ ಬಳಚು ಆರಿಸಲು ಎಲ್ಲಿಗೆ ಹೋಗ್ತಿದ್ರಿ?’ ಎಂದು ಕೇಳಿ ನೋಡಿ.